ಪಂಚಾಯ್ತಿ ಆಫೀಸು ಊರಾಚೆ ಹೋಗುವ ಮುನ್ನ

ಕಳೆದ ತಿಂಗಳು ನಮ್ಮೂರಿನ ಗ್ರಾಮಸಭೆ ಆಯಿತು. ಬೀದಿದೀಪದ ವಿಷಯಕ್ಕೆ ಅರ್ಧ ಗಂಟೆ ಜಗಳ. ಮೂರನೇ ವಾರ್ಡಿನ ಚರಂಡಿಗೆ ಇನ್ನರ್ಧ ಗಂಟೆ. ಯಾರ ಮನೆ ಮುಂದಿನ ಕಂಬದ ಬಲ್ಬು ಎಷ್ಟು ದಿನ ಉರಿಯಿತು ಅನ್ನುವ ಲೆಕ್ಕವೂ ಬಂತು. ಆಮೇಲೆ ಪಿಡಿಒ ಸಾಹೇಬರು ಹಾಳೆ ತಿರುವಿ, 'ನೂತನ ಗ್ರಾಮ ಪಂಚಾಯ್ತಿ ಕಟ್ಟಡಕ್ಕೆ ನಿವೇಶನ ಗುರುತಿಸುವ ಬಗ್ಗೆ' ಅಂತ ಓದಿದರು. ಹೆದ್ದಾರಿ ಪಕ್ಕದ ಗೋಮಾಳದಲ್ಲಿ ಜಾಗ ಇದೆ, ಅಲ್ಲಿ ಕಟ್ಟೋಣ ಅಂದರು. ಎಲ್ಲರೂ ಸರಿ ಅಂದರು. ಐದು ನಿಮಿಷ ಕೂಡ ಆಗಲಿಲ್ಲ.

ಹಿಂದೆ ಕೂತಿದ್ದ ಒಬ್ಬ ಅಜ್ಜಿ ಮಾತ್ರ, 'ಅಲ್ಲಿಗೆ ಆಟೋಗೆ ಎಷ್ಟಾಯ್ತದಪ್ಪಾ?' ಅಂತ ಕೇಳಿದರು. ಸಭೆಯಲ್ಲಿ ನಗು ಎದ್ದಿತು. ಮುಂದಿನ ವಿಷಯಕ್ಕೆ ಹೋದರು. ಆ ಪ್ರಶ್ನೆ ನಡಾವಳಿ ಪುಸ್ತಕಕ್ಕೆ ಹತ್ತಲಿಲ್ಲ. ಅವತ್ತು ಆ ಸಭೆಯಲ್ಲಿ ಕಟ್ಟಡದ ಬಗ್ಗೆ ಬಂದ ಒಂದೇ ಒಂದು ಗಂಭೀರ ಪ್ರಶ್ನೆ ಅದಾಗಿತ್ತು ಅಂತ ನನಗೆ ಮನೆಗೆ ಬಂದ ಮೇಲೆ ಹೊಳೆಯಿತು. ನಾನೂ ನಕ್ಕವರಲ್ಲಿ ಒಬ್ಬ.

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಸ ಕಟ್ಟಡಕ್ಕೆ ವಿರೋಧಿಯಲ್ಲ. ನಮ್ಮ ಹಳೇ ಆಫೀಸು ಮಂಡಲ ಪಂಚಾಯ್ತಿ ಕಾಲದ್ದು. ನಜೀರ್ ಸಾಬ್ ಅವರ ಕಾಲದಲ್ಲಿ, 1987ರಲ್ಲಿ ಮಂಡಲಗಳಿಗೆ ಚುನಾವಣೆ ಆಯಿತಲ್ಲ, ಆಗ ಎಬ್ಬಿಸಿದ ಮೂರು ಕೋಣೆ. 1993ರ ಕಾಯ್ದೆ ಬಂದು ಮಂಡಲ ಹೋಗಿ ಗ್ರಾಮ ಪಂಚಾಯ್ತಿ ಆಯಿತು, ಬೋರ್ಡು ಬದಲಾಯಿತು, ಗೋಡೆ ಅದೇ ಉಳಿಯಿತು. ಮಳೆ ಬಂದರೆ ಕಂಪ್ಯೂಟರ್ ಮೇಲೆ ರಸಗೊಬ್ಬರದ ಚೀಲ ಹೊದಿಸುತ್ತಾರೆ. ಹದಿನೇಳು ಜನ ಸದಸ್ಯರು ಕೂತರೆ ಅಧಿಕಾರಿಗಳು ಬಾಗಿಲಲ್ಲಿ ನಿಲ್ಲಬೇಕು. ಅರ್ಧದಷ್ಟು ಸದಸ್ಯರು ಹೆಣ್ಣುಮಕ್ಕಳು. ಅವರಿಗೆ ಒಂದು ಶೌಚಾಲಯ ಇಲ್ಲ. ಸಭೆ ಉದ್ದವಾದರೆ ಪಕ್ಕದ ಮನೆಗೆ ಹೋಗಿ ಬರುತ್ತಾರೆ. ಇಂಥ ಕಟ್ಟಡ ಸಾಕು ಅನ್ನುವವನು ಅಲ್ಲಿ ಒಂದು ಮಧ್ಯಾಹ್ನ ಕೂತು ನೋಡಬೇಕು. ಹಾಗಾಗಿ ನನ್ನ ತಕರಾರು ಕಟ್ಟಬೇಕೋ ಬೇಡವೋ ಅನ್ನುವುದಲ್ಲ. ಎಲ್ಲಿ, ಎಷ್ಟು, ಯಾರ ದುಡ್ಡಲ್ಲಿ, ಯಾರನ್ನು ಕೇಳಿ ಅನ್ನುವುದು.

ಹಳೇ ಆಫೀಸು ಚೆನ್ನಾಗಿಲ್ಲದಿದ್ದರೂ ಅದು ಇರುವ ಜಾಗ ಚೆನ್ನಾಗಿದೆ. ಎದುರಿಗೆ ಬಸ್ ನಿಲ್ದಾಣ. ಎಡಕ್ಕೆ ಸೊಸೈಟಿ, ರೇಷನ್ ಅಂಗಡಿ. ಹಿಂದೆ ಶಾಲೆ. ಸುತ್ತಲಿನ ಆರು ಹಳ್ಳಿಯವರು ಬಸ್ಸಿಳಿದು ಅಕ್ಕಿ ತಗೊಂಡು, ಸಾಲದ ಕಂತು ಕಟ್ಟಿ, ಪಂಚಾಯ್ತಿಯಲ್ಲಿ ಒಂದು ಮಾತು ಕೇಳಿಕೊಂಡು ಮುಂದಿನ ಬಸ್ಸಿಗೆ ಹೋಗುತ್ತಾರೆ. ಹೊಸದಾಗಿ ಗುರುತಿಸಿದ ಜಾಗ ಅಲ್ಲಿಂದ ಎರಡು ಕಿಲೋಮೀಟರ್. ಅಲ್ಲಿ ಬಸ್ಸು ನಿಲ್ಲುವುದಿಲ್ಲ, ಒಂದು ಮರವೂ ಇಲ್ಲ. ನೀರು ಬೇಕಾದರೆ ಬೋರ್‌ವೆಲ್ ಕೊರೆಸಬೇಕು.

ಗ್ರಾಮಸಭೆಯ ಮಾರನೇ ವಾರ, ಒಂದು ಸೋಮವಾರ ಬೆಳಿಗ್ಗೆ, ಹಳೇ ಆಫೀಸಿನ ಜಗಲಿ ಮೇಲೆ ಕೂತು ಯಾರು ಯಾರು ಬರುತ್ತಾರೆ ಅಂತ ಸುಮ್ಮನೆ ನೋಡಿದೆ. ಜಾಬ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದೆ ಅಂತ ಒಬ್ಬ ತಾಯಿ. ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು ಅಂತ ನಾಲ್ಕನೇ ಸಲ ಬಂದ ಒಬ್ಬರು. ಬ್ಯಾಂಕಿನವರು ಅದಿಲ್ಲದೆ ಮನೆ ಸಾಲ ಕೊಡುವುದಿಲ್ಲ. ನೀರು ಬಿಡುವ ಹುಡುಗನನ್ನು ಹುಡುಕಿಕೊಂಡು ಬಂದ ಇಡೀ ಬೀದಿಯ ಹೆಂಗಸರು. ವೃದ್ಧಾಪ್ಯ ವೇತನ ನಿಂತಿದೆ ಅಂತ ಇಬ್ಬರು ಮುದುಕರು. ಪಿಂಚಣಿ ಪಂಚಾಯ್ತಿ ಕೆಲಸ ಅಲ್ಲ, ಅದು ನಾಡಕಚೇರಿಯದ್ದು, ಕಂದಾಯ ಇಲಾಖೆಯದ್ದು. ಆದರೆ ಇಲಾಖೆಗಳ ನಡುವಿನ ಗೆರೆ ಆ ಮುದುಕರಿಗೆ ಯಾಕೆ ಗೊತ್ತಿರಬೇಕು? ಸರ್ಕಾರ ಅಂದರೆ ಅವರಿಗೆ ಈ ಜಗಲಿ. ಬಿಲ್ ಕಲೆಕ್ಟರ್ ಅವರನ್ನು ಕೂರಿಸಿ, ಆಧಾರ್ ಜೋಡಣೆ ಆಗಿಲ್ಲ, ಬ್ಯಾಂಕಿಗೆ ಹೋಗಿ ಅಂತ ತಿಳಿಸಿ ಹೇಳಿದರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿದ ಜೆರಾಕ್ಸ್ ಇತ್ತು. ಸ್ವಂತ ಕಾರಲ್ಲಿ ಬಂದವರು ಇಬ್ಬರೇ. ಒಬ್ಬರು ಲೇಔಟ್ ಮಾಡಿಸುವವರು, ಇನ್ನೊಬ್ಬರು ಕಂಟ್ರಾಕ್ಟರು.

ಗೋಮಾಳದ ಕಟ್ಟಡ ಆ ಇಬ್ಬರಿಗೆ ಬಹಳ ಅನುಕೂಲ. ಪಾರ್ಕಿಂಗ್ ಇರುತ್ತದೆ.

ಹಾಗಾದರೆ ಗೋಮಾಳವೇ ಯಾಕೆ? ಕಾರಣ ಸರಳ. ಅದು ಸರ್ಕಾರಿ ಜಮೀನು, ಕೊಂಡುಕೊಳ್ಳಬೇಕಿಲ್ಲ. ಹುಲ್ಲಿಗೆ ವಕೀಲರಿಲ್ಲ. ಕಂದಾಯ ನಿಯಮದ ಪ್ರಕಾರ ಪ್ರತಿ 100 ಜಾನುವಾರಿಗೆ 30 ಎಕರೆ ಗೋಮಾಳ ಬಿಡಬೇಕು. ಅದನ್ನು ಕಡಿಮೆ ಮಾಡುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ, ಆ ಅಧಿಕಾರ ಎಲ್ಲ ಕಡೆ ಧಾರಾಳವಾಗಿ ಬಳಕೆಯಾಗಿದೆ. ನಮ್ಮ ಗೋಮಾಳದಲ್ಲಿ ಮೊದಲು ಸ್ಮಶಾನಕ್ಕೆ ಕೊಟ್ಟರು, ಅದು ಬೇಕಿತ್ತು. ಆಮೇಲೆ ಕಸ ವಿಲೇವಾರಿ ಘಟಕ, ಅದೂ ಬೇಕಿತ್ತು. ಆಮೇಲೆ ವಿದ್ಯುತ್ ಉಪಕೇಂದ್ರ. ಈಗ ಪಂಚಾಯ್ತಿ. ಒಂದೊಂದಾಗಿ ನೋಡಿದರೆ ಎಲ್ಲವೂ ನ್ಯಾಯವೇ. ಒಟ್ಟಿಗೆ ನೋಡಿದರೆ ಕುರಿ ಕಾಯುವ ಎಂಟು ಮನೆಯವರು ಈಗ ರಸ್ತೆ ಬದಿಯ ಹುಲ್ಲಿಗೆ ಬಂದಿದ್ದಾರೆ. ಅವರು ಗ್ರಾಮಸಭೆಗೆ ಬಂದಿರಲಿಲ್ಲ. ಹಗಲು ಹನ್ನೊಂದು ಗಂಟೆಗೆ ಸಭೆ ಕರೆದರೆ ಕುರಿ ಬಿಟ್ಟು ಯಾರು ಬರುತ್ತಾರೆ?

ಇನ್ನೊಂದು ಕಾರಣವನ್ನು ಯಾರೂ ಸಭೆಯಲ್ಲಿ ಹೇಳುವುದಿಲ್ಲ, ಟೀ ಅಂಗಡಿಯಲ್ಲಿ ಎಲ್ಲರೂ ಹೇಳುತ್ತಾರೆ. ಸರ್ಕಾರಿ ಆಫೀಸು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ರಸ್ತೆ, ಕರೆಂಟು, ನೀರು ಹೋಗುತ್ತದೆ. ಅವು ಹೋದ ಕಡೆ ಎಕರೆ ಲೆಕ್ಕದ ಜಮೀನು ಸೈಟು ಲೆಕ್ಕಕ್ಕೆ ತಿರುಗುತ್ತದೆ. 'ಭೂಮಿ' ತಂತ್ರಾಂಶ ಬಂದ ಮೇಲೆ ಯಾವ ಸರ್ವೆ ನಂಬರಿನ ಪಹಣಿಯನ್ನಾದರೂ ಯಾರು ಬೇಕಾದರೂ ನೋಡಬಹುದು. ನಿಮ್ಮೂರಿನಲ್ಲಿ ಹೊಸ ಆಫೀಸಿಗೆ ಊರಾಚೆ ಜಾಗ ಗುರುತಿಸಿದ್ದರೆ ಸುತ್ತಲಿನ ನಾಲ್ಕು ಸರ್ವೆ ನಂಬರಿನ ಪಹಣಿ ತೆಗೆದು, ಕೊನೆಯ ಮ್ಯುಟೇಷನ್ ಯಾವಾಗ ಆಯಿತು ಅಂತ ನೋಡಿ. ನಾನು ಯಾರ ಮೇಲೂ ಆರೋಪ ಮಾಡುತ್ತಿಲ್ಲ. ನೋಡಿ ಅಂದೆ ಅಷ್ಟೆ.

ಇದು ನಮ್ಮ ಹಳ್ಳಿಯೊಂದರ ಕಥೆ ಅಲ್ಲ. ಉಡುಪಿ 1997ರಲ್ಲಿ ಜಿಲ್ಲೆಯಾಯಿತು, ಜಿಲ್ಲಾಧಿಕಾರಿ ಕಚೇರಿ ಇರುವ 'ರಜತಾದ್ರಿ' ಉಡುಪಿ ಪೇಟೆಯಲ್ಲಿಲ್ಲ, ಮಣಿಪಾಲದಲ್ಲಿದೆ. ಮಂಗಳೂರಿನಲ್ಲಿ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ ಇದ್ದ ಜಿಲ್ಲಾಧಿಕಾರಿ ಕಚೇರಿ ಪಡೀಲಿನ ಹೊಸ ಕಟ್ಟಡಕ್ಕೆ ಹೋಗಿದೆ. ಆ ಕಟ್ಟಡ ವರ್ಷಗಟ್ಟಲೆ ಕುಂಟುತ್ತಾ ನಡೆದು 2025ರ ಮೇ ತಿಂಗಳಲ್ಲಿ ಉದ್ಘಾಟನೆ ಆಯಿತು. ಹಳೇ ಜಾಗ ಇಕ್ಕಟ್ಟಾಗಿತ್ತು ಅನ್ನುವುದು ನಿಜ. ಆದರೆ ಇಕ್ಕಟ್ಟು ಯಾಕೆ ಆಗುತ್ತದೆ ಅಂದರೆ, ಜನ ಬರುವ ಜಾಗ ಅದು, ಅದಕ್ಕೆ. ಜಿಲ್ಲಾ ಕೇಂದ್ರದಲ್ಲಾದರೆ ಸಿಟಿ ಬಸ್ಸಾದರೂ ಇರುತ್ತದೆ. ಹಳ್ಳಿಯಲ್ಲಿ ಆಟೋದವನು ಎಷ್ಟು ಕೇಳಿದರೆ ಅಷ್ಟು.

ಬೇರೆ ದಾರಿಯೂ ಇದೆ ಅನ್ನುವುದಕ್ಕೆ ಒಂದು ಉದಾಹರಣೆ ಹೊಸಪೇಟೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾದಾಗ, ಮುಚ್ಚಿಹೋಗಿದ್ದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯ ಆವರಣವನ್ನು ಜಿಲ್ಲಾಡಳಿತಕ್ಕೆ ಬಳಸಿಕೊಂಡರು. ಇದ್ದ ಜಾಗವನ್ನೇ ಬಳಸುವ ಈ ಬುದ್ಧಿ ಒಳ್ಳೆಯದೇ. (ಅಣೆಕಟ್ಟಿನ ಗೇಟು ಮಾಡುತ್ತಿದ್ದ ಕಾರ್ಖಾನೆ ಅದು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ಕಡಿದು ನೀರೆಲ್ಲ ಹೋಗುವಾಗ ಅದನ್ನು ನೆನೆಸಿಕೊಂಡವರು ಬಹಳ. ಆ ಸಂಕಟದ ಕಥೆ ಬೇರೆ, ಇನ್ನೊಂದು ದಿನ ಬರೆಯುತ್ತೇನೆ.)

ಇನ್ನು ದುಡ್ಡಿನ ವಿಷಯ. ಇಲ್ಲೇ ಎಲ್ಲ ಎಡವಟ್ಟಾಗುವುದು.

ಮನೆ ಕಟ್ಟುವಾಗ ನಾವು ಏನು ಮಾಡುತ್ತೇವೆ? ಎಷ್ಟು ಜನ ಇದ್ದೇವೆ, ಎಷ್ಟು ಕೋಣೆ ಬೇಕು, ಕೈಯಲ್ಲಿ ಎಷ್ಟಿದೆ, ಎಷ್ಟು ಸಾಲ ಹುಟ್ಟುತ್ತದೆ ಅಂತ ಲೆಕ್ಕ ಹಾಕಿ ಪಾಯ ಹಾಕುತ್ತೇವೆ. ಪಂಚಾಯ್ತಿ ಕಟ್ಟಡದಲ್ಲಿ ಇದು ಉಲ್ಟಾ. ಮೊದಲು ಗುದ್ದಲಿ ಪೂಜೆ. ಆಮೇಲೆ ಯಾವ ಲೆಕ್ಕಶೀರ್ಷಿಕೆಯಲ್ಲಿ ಎಷ್ಟು ಸಿಗುತ್ತದೆ ಅಂತ ಹುಡುಕಾಟ. ಸಿಕ್ಕ ದುಡ್ಡಿಗೆ ತಕ್ಕ ಹಾಗೆ ಕಟ್ಟಡ ಉಬ್ಬುತ್ತದೆ ಅಥವಾ ಅರ್ಧಕ್ಕೆ ನಿಲ್ಲುತ್ತದೆ.

ಎಲ್ಲೆಲ್ಲಿಂದ ಬರುತ್ತದೆ ಅಂದರೆ: ನರೇಗಾದಲ್ಲಿ ಪಂಚಾಯ್ತಿ ಕಟ್ಟಡಕ್ಕೆ 2009ರಲ್ಲಿ ಅವಕಾಶ ಬಂತು, ರಾಜೀವ್ ಗಾಂಧಿ ಸೇವಾ ಕೇಂದ್ರ ಅನ್ನುವ ಹೆಸರಿನಲ್ಲಿ. ಆ ಬೋರ್ಡು ನಿಮ್ಮೂರಿನಲ್ಲೂ ಇರಬಹುದು. ಆದರೆ ನರೇಗಾ ಕೂಲಿಗೆ ಅಂತ ಇದ್ದ ದುಡ್ಡು. ಕೂಲಿ 60 ಭಾಗ, ಸಾಮಗ್ರಿ 40 ಭಾಗ ಅನ್ನುವ ಲೆಕ್ಕ. ಕಟ್ಟಡದಲ್ಲಿ ಇದು ತಲೆಕೆಳಗು: ಸಿಮೆಂಟು, ಕಬ್ಬಿಣ, ಜಲ್ಲಿಯೇ ಹೆಚ್ಚು ತಿನ್ನುತ್ತದೆ. ಒಂದು ಕಟ್ಟಡದ ಸಿಮೆಂಟಿಗೆ ಸಮ ಮಾಡಲು ಅಷ್ಟೇ ದೊಡ್ಡ ಮಣ್ಣಿನ ಕೆಲಸ ತೋರಿಸಬೇಕು. ಕೆರೆ ಹೂಳೆತ್ತಿದ್ದು, ಬದು ಹಾಕಿದ್ದು. ಆ ಮಣ್ಣಿನ ಕೆಲಸ ನಿಜಕ್ಕೂ ಆಗಿದ್ದರೆ ಊರಿಗೆ ಲಾಭ. ಕಾಗದದ ಮೇಲೆ ಮಾತ್ರ ಆಗಿದ್ದರೆ, ಆ ವರ್ಷ ದುಡಿದು ತಿನ್ನುವವರ ಕೂಲಿ ದಿನಗಳೇ ಕಟ್ಟಡದ ಗೋಡೆಯೊಳಗೆ ಹೋದ ಹಾಗೆ.

ಎರಡನೆಯದು ಹಣಕಾಸು ಆಯೋಗದ ಅನುದಾನ. 15ನೇ ಹಣಕಾಸು ಆಯೋಗ 2021ರಿಂದ ಕೊಟ್ಟ ಹಣದಲ್ಲಿ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು, ಮುಟ್ಟುವಂತಿಲ್ಲ. ಉಳಿದ 40 ಭಾಗ ಮಾತ್ರ ಊರಿನ ಅಗತ್ಯ ನೋಡಿ ಬಳಸಬಹುದು, ಅದೂ ಸಂಬಳಕ್ಕೆ, ಆಡಳಿತ ವೆಚ್ಚಕ್ಕೆ ಅಲ್ಲ. ಬೀದಿದೀಪ, ಚರಂಡಿ, ರಸ್ತೆ ಎಲ್ಲಕ್ಕೂ ಕೈ ಚಾಚುವುದು ಇದೇ 40ಕ್ಕೆ. ಮೂರನೇ ವಾರ್ಡಿನ ಚರಂಡಿಗೂ ಹೊಸ ಕಟ್ಟಡಕ್ಕೂ ನೇರ ಸಂಬಂಧ ಇದೆ ಅಂತ ಅವತ್ತಿನ ಸಭೆಯಲ್ಲಿ ಯಾರಾದರೂ ಹೇಳಿದ್ದರೆ ಆ ಐದು ನಿಮಿಷ ಐದು ಗಂಟೆ ಆಗುತ್ತಿತ್ತು.

ರಾಷ್ಟ್ರೀಯ ಗ್ರಾಮ ಸ್ವರಾಜ್ ಅಭಿಯಾನದಲ್ಲಿ ಕಟ್ಟಡಕ್ಕೆಂದೇ ಹಣ ಸಿಗುವುದುಂಟು. ಕೇಂದ್ರ 60, ರಾಜ್ಯ 40. ಅದಕ್ಕೆ ಸರದಿ ಇದೆ. ಶಾಸಕರಿಗೆ ವರ್ಷಕ್ಕೆ 2 ಕೋಟಿ ಪ್ರದೇಶಾಭಿವೃದ್ಧಿ ನಿಧಿ ಇದೆ, ಅದರಲ್ಲಿ ಒಂದು ತುಣುಕು ಕೇಳುತ್ತಾರೆ. ಕೊಟ್ಟರೆ ಕಟ್ಟಡದ ಮೇಲೆ ಹೆಸರು ಬೀಳುತ್ತದೆ.

ಕೊನೆಯದು ಸ್ವಂತ ದುಡ್ಡು. ವರ್ಗ-1 ಖಾತೆ ಅನ್ನುತ್ತಾರಲ್ಲ, ಅದು. ಮನೆ ಕಂದಾಯ, ನೀರಿನ ತೆರಿಗೆ, ಮಳಿಗೆ ಬಾಡಿಗೆ, ಮೊಬೈಲ್ ಟವರಿನ ಶುಲ್ಕ. ಇದು ನಮ್ಮಂಥ ಪಂಚಾಯ್ತಿಯಲ್ಲಿ ಸ್ವಲ್ಪವೇ. ಆದರೂ ನನ್ನ ಮಟ್ಟಿಗೆ ಮುಖ್ಯವಾದ ದುಡ್ಡು ಇದು. ಮೇಲಿನಿಂದ ಬಂದ ದುಡ್ಡು ಯಾರದೂ ಅಲ್ಲ ಅನ್ನಿಸುತ್ತದೆ, ಅದರ ಲೆಕ್ಕ ಕೇಳುವವರು ಕಡಿಮೆ. 'ಈ ವರ್ಷದ ನಿಮ್ಮ ಮನೆ ಕಂದಾಯದಲ್ಲಿ ಇಷ್ಟು ಭಾಗ ಕಟ್ಟಡಕ್ಕೆ' ಅಂತ ರಸೀದಿಯಲ್ಲಿ ಬರೆದು ನೋಡಿ. ಕಂದಾಯ ಕಟ್ಟದವರು ಕೂಡ ಬಂದು ಇಟ್ಟಿಗೆ ಎಣಿಸುತ್ತಾರೆ.

ಇಷ್ಟು ಬೇರೆ ಬೇರೆ ಮಡಕೆಯಿಂದ ತಂದು ಒಂದೇ ಅಡುಗೆ ಮಾಡಿದರೆ ಏನಾಗುತ್ತದೆ ಅನ್ನುವುದನ್ನು ನೋಡಲು ನಮ್ಮ ಪಕ್ಕದ ಪಂಚಾಯ್ತಿಗೆ ಬನ್ನಿ. ಮೊದಲ ವರ್ಷದ ಹಣದಲ್ಲಿ ಪಾಯ ಮತ್ತು ಕಂಬ. ಎಂ.ಬಿ. ಬರೆದರು, ಬಿಲ್ ಆಯಿತು. ಎರಡನೇ ವರ್ಷ ಹಣ ಬೇರೆ ಕಾಮಗಾರಿಗೆ ಹೋಯಿತು. ಮೂರನೇ ವರ್ಷ ಎಸ್‌ಆರ್ ದರ ಪರಿಷ್ಕರಣೆ ಆಗಿ ಎಸ್ಟಿಮೇಟು ಮತ್ತೆ ಮಾಡಬೇಕಾಯಿತು. ಕಂಬದ ತುದಿಯ ಕಬ್ಬಿಣದ ಕಂಬಿಗಳು ಎರಡು ಮಳೆಗಾಲ ನೆನೆದು ತುಕ್ಕು ಹಿಡಿದವು. ಈಗ ಮೇಲೆ ಒಂದು ಸಭಾಂಗಣ, ಕೆಳಗೆ ಅಧ್ಯಕ್ಷರಿಗೆ ದೊಡ್ಡ ಕೊಠಡಿ ಎದ್ದಿದೆ. ಸಭಾಂಗಣಕ್ಕೆ ಮೆಟ್ಟಿಲೇ ದಾರಿ. ಮಂಡಿ ನೋವಿನ ಸದಸ್ಯೆಯೊಬ್ಬರು ಮಾಸಿಕ ಸಭೆಗೆ ಬಂದು ಕೆಳಗೇ ಕೂತು ಸಹಿ ಮಾಡಿ ಹೋಗುತ್ತಾರೆ. ಪ್ರಜಾಪ್ರತಿನಿಧಿಯನ್ನು ಹದಿನೆಂಟು ಮೆಟ್ಟಿಲು ತಡೆದು ನಿಲ್ಲಿಸಿವೆ.

ಕಟ್ಟಿದ ಮೇಲಿನ ಖರ್ಚು ಯಾವ ಎಸ್ಟಿಮೇಟಿನಲ್ಲೂ ಇರುವುದಿಲ್ಲ. ಕಟ್ಟಡ ಎರಡು ಪಟ್ಟು ದೊಡ್ಡದಾದರೆ ಕರೆಂಟು, ಗುಡಿಸುವುದು, ಸುಣ್ಣ ಬಣ್ಣ ಎಲ್ಲವೂ ಹಾಗೆಯೇ ಬೆಳೆಯುತ್ತವೆ. ನೀರಿನ ಮೋಟಾರು, ಬೀದಿದೀಪದ ಬಿಲ್ಲೇ ಕಟ್ಟಲಾಗದೆ ಒದ್ದಾಡುವ ಪಂಚಾಯ್ತಿಗಳು ಎಷ್ಟಿಲ್ಲ? ದೊಡ್ಡವರ ಕಡೆ ನೋಡಿದರೂ ಇದೇ. ಬೆಳಗಾವಿಯ ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾಯಿತು. ವರ್ಷಕ್ಕೆ ಚಳಿಗಾಲದ ಅಧಿವೇಶನದ ಕೆಲವು ದಿನ ಬಿಟ್ಟರೆ ಉಳಿದ ದಿನ ಅದನ್ನು ಏನು ಮಾಡುವುದು ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ಇನ್ನೊಂದು ಕಡೆ 2018ರಲ್ಲಿ ಶುರುವಾದ ಹೊಸ ತಾಲ್ಲೂಕುಗಳಲ್ಲಿ ಹಲವು ಕಚೇರಿಗಳು ವರ್ಷಗಟ್ಟಲೆ ಬಾಡಿಗೆ, ಎರವಲು ಕೋಣೆಗಳಲ್ಲೇ ನಡೆದವು.

ಬೆಂಗಳೂರಿನ ವಿಧಾನಸೌಧವನ್ನೇ ತಗೊಳ್ಳಿ. ನೆಹರೂ 1951ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡ 1956ರಲ್ಲಿ ಮುಗಿಯಿತು. ಕೆಂಗಲ್ ಹನುಮಂತಯ್ಯನವರ ಹೆಸರಿಲ್ಲದೆ ಅದರ ಮಾತೇ ಇಲ್ಲ. ಇವತ್ತು ಅದನ್ನು ನಾವು ಹೆಮ್ಮೆಯಿಂದ ತೋರಿಸುತ್ತೇವೆ. ಆದರೆ ಆ ಕಟ್ಟಡದ ಖರ್ಚಿನ ಬಗ್ಗೆಯೂ ಆ ಕಾಲದಲ್ಲಿ ವಿಚಾರಣೆ ನಡೆಯಿತು. ಅಷ್ಟು ದೊಡ್ಡ ಮನುಷ್ಯ ಕಟ್ಟಿಸಿದ್ದಕ್ಕೂ ಲೆಕ್ಕ ಕೇಳಿದ ರಾಜ್ಯ ಇದು. ನಮ್ಮೂರಿನ ಕಟ್ಟಡಕ್ಕೆ ಎಷ್ಟಾಗುತ್ತದೆ ಅಂತ ಕೇಳಿದರೆ ಒಬ್ಬರು 40 ಲಕ್ಷ ಅನ್ನುತ್ತಾರೆ, ಇನ್ನೊಬ್ಬರು 60 ಅನ್ನುತ್ತಾರೆ. ಎಸ್ಟಿಮೇಟು ಇನ್ನೂ ಆಗೇ ಇಲ್ಲ.

ಇಲ್ಲಿ ನಮ್ಮ ತಪ್ಪೂ ಇದೆ. ನಮ್ಮ ಅಂದರೆ ಗ್ರಾಮೀಣ ವರದಿ ಮಾಡುವವರ ತಪ್ಪು. ಕಾಲೇಜಿನಲ್ಲಿ ಕಲಿತದ್ದೇನೋ ಅಭಿವೃದ್ಧಿ ಪತ್ರಿಕೋದ್ಯಮ. ಆದರೆ ಒಂದು ಸರ್ಕಾರಿ ಕಟ್ಟಡದ ಬಗ್ಗೆ ನಾವು ಎರಡೇ ಸುದ್ದಿ ಬರೆಯುತ್ತೇವೆ. ಗುದ್ದಲಿ ಪೂಜೆಯ ದಿನ ಒಂದು, ಟೇಪು ಕತ್ತರಿಸಿದ ದಿನ ಒಂದು. ಎರಡಕ್ಕೂ ಫೋಟೊ ಅವರೇ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ನಡುವಿನ ಮೂರು ನಾಲ್ಕು ವರ್ಷ, ಅಂದರೆ ದುಡ್ಡು ಓಡಾಡುವ ಕಾಲ, ನಮಗೆ ಸುದ್ದಿಯೇ ಅಲ್ಲ. ನಾನೇ ಪಕ್ಕದ ಪಂಚಾಯ್ತಿಯ ಗುದ್ದಲಿ ಪೂಜೆಗೆ 'ಬಹುದಿನದ ಕನಸು ನನಸು' ಅಂತ ತಲೆಬರಹ ಕೊಟ್ಟಿದ್ದೆ. ಆ ಕಟಿಂಗು ಈಗಲೂ ನನ್ನ ಫೈಲಿನಲ್ಲಿದೆ, ನೋಡಿದರೆ ನಾಚಿಕೆಯಾಗುತ್ತದೆ.

ಗ್ರಾಮಸಭೆ ಬಗ್ಗೆಯೂ ಒಂದು ಮಾತು. ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಕರೆಯಬೇಕು. ಕೋರಂ ಅಂದರೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಯಾವುದು ಕಡಿಮೆಯೋ ಅದು. ನಮ್ಮ ಸಭೆಯಲ್ಲಿ ಕೋರಂ ಇತ್ತು, ಪುಸ್ತಕದಲ್ಲಿ. ಕೆಲವರು ಸಹಿ ಹಾಕಿ, ಟೀ ಬಿಸ್ಕತ್ತು ತಗೊಂಡು, ಬಸ್ಸಿಗೆ ಹೋಗಿದ್ದರು. ನಲವತ್ತು ಐವತ್ತು ವರ್ಷ ನಿಲ್ಲುವ ಕಟ್ಟಡದ ಜಾಗವನ್ನು ಅಷ್ಟು ಜನ ಐದು ನಿಮಿಷದಲ್ಲಿ ತೀರ್ಮಾನಿಸಿದರೆ ಅದನ್ನು ಊರಿನ ತೀರ್ಮಾನ ಅಂತ ಒಪ್ಪಿಕೊಳ್ಳುವುದು ಕಷ್ಟ.

ನನ್ನ ಲೆಕ್ಕದಲ್ಲಿ ಕಟ್ಟಡ ಈಗಿರುವ ಜಾಗದಲ್ಲೇ ಏಳಬೇಕು. ಹಿತ್ತಲು ಸೇರಿದರೆ ಅರವತ್ತು ಅಡಿಗೆ ಎಂಬತ್ತು ಅಡಿ ಇದೆ. ಕೆಡವಿ ಕಟ್ಟುವಷ್ಟು ಕಾಲ ಸಮುದಾಯ ಭವನದಲ್ಲಿ ಕೂರಬಹುದು, ಮದುವೆ ಸೀಸನ್ ಬಿಟ್ಟು. ಎಂಜಿನಿಯರನ್ನು ಕೇಳಿದೆ. ಮಾದರಿ ನಕ್ಷೆ ಇದೆಯಂತೆ, ಅದು ಈ ಜಾಗಕ್ಕೆ ಕೂರುವುದಿಲ್ಲವಂತೆ. ಹಾಗಾದರೆ ನಕ್ಷೆ ಬದಲಾಗಲಿ ಸ್ವಾಮಿ, ಊರನ್ನು ಯಾಕೆ ಸರಿಸುತ್ತೀರಿ? ಜನ ಬರುವ ಕೆಲಸವೆಲ್ಲ ನೆಲ ಅಂತಸ್ತಿನಲ್ಲಿರಲಿ. ನೆರಳಿರುವ ಒಂದು ಉದ್ದ ಜಗಲಿ, ಬಾಪೂಜಿ ಸೇವಾ ಕೇಂದ್ರದ ಕಿಟಕಿ, ಹೆಂಗಸರಿಗೆ ಶೌಚಾಲಯ, ಗ್ರಾಮ ಆಡಳಿತ ಅಧಿಕಾರಿಗೆ ಒಂದು ಮೇಜು. ಆ ಒಂದು ಮೇಜಿದ್ದರೆ ಪಿಂಚಣಿಯ ಮುದುಕರು ನಾಡಕಚೇರಿಗೆ ಅಲೆಯುವುದು ಎಷ್ಟೋ ತಪ್ಪುತ್ತದೆ. ಕಡತದ ಕೋಣೆ, ಕಂಪ್ಯೂಟರಿನವರು ಮೇಲೆ ಹೋಗಲಿ. ಅಧ್ಯಕ್ಷರ ಕೊಠಡಿ ಚಿಕ್ಕದಾದರೂ ನಡೆಯುತ್ತದೆ, ಎರಡೂವರೆ ವರ್ಷಕ್ಕೊಮ್ಮೆ ಅವರು ಬದಲಾಗುತ್ತಾರೆ. ಜಗಲಿ ಮೇಲೆ ಕೂರುವವರು ಬದಲಾಗುವುದಿಲ್ಲ. ಮತ್ತೆ, ಪೂರ್ತಿ ಹಣ ಎಲ್ಲಿಂದ ಅಂತ ಕಾಗದದ ಮೇಲೆ ಕಾಣುವ ತನಕ ಗುದ್ದಲಿ ಮುಟ್ಟಬಾರದು. ಕೆಲಸ ಶುರುವಾದ ದಿನ ಎಸ್ಟಿಮೇಟು, ಯಾರಿಗೆ ವಹಿಸಿದ್ದು, ಟೆಂಡರ್ ಕರೆದೋ ಅಥವಾ ವಿನಾಯಿತಿಯಲ್ಲೋ, ಇದುವರೆಗಿನ ಬಿಲ್ ಎಷ್ಟು ಅನ್ನುವುದನ್ನು ಗೋಡೆ ಮೇಲೆ ಕನ್ನಡದಲ್ಲಿ ಬರೆಸಬೇಕು. ಬಣ್ಣ ಬಳಿಯುವವನಿಗೆ ಅರ್ಧ ದಿನದ ಕೆಲಸ.

ಇದನ್ನೆಲ್ಲ ಒಂದು ಅರ್ಜಿಯಲ್ಲಿ ಬರೆದು, ಜಾಗದ ವಿಷಯವನ್ನು ಮತ್ತೆ ಗ್ರಾಮಸಭೆಗೆ ತನ್ನಿ, ಅದಕ್ಕೂ ಮೊದಲು ವಾರ್ಡ್ ಸಭೆಗಳಲ್ಲಿ ಚರ್ಚಿಸಿ, ಸಭೆಯನ್ನು ಸಂಜೆ ಕರೆಯಿರಿ ಅಂತ ಕೇಳಿದ್ದೇವೆ. ಸಹಿ ಹಾಕಿದವರಲ್ಲಿ ಕುರಿ ಕಾಯುವ ಎಂಟು ಮನೆಯವರೂ ಇದ್ದಾರೆ. ಆ ಅಜ್ಜಿ ಹೆಬ್ಬೆಟ್ಟು ಒತ್ತುವಾಗ, 'ಆಟೋದ ವಿಚಾರ ಬರೆದಿದ್ದೀಯಾ ಇಲ್ವಾ?' ಅಂತ ಕೇಳಿದರು. ಮೊದಲ ಸಾಲೇ ಅದು ಅಂತ ಓದಿ ತೋರಿಸಿದೆ. ಸ್ವೀಕೃತಿಯ ಸೀಲು ಸಿಕ್ಕಿದೆ. ಸಭೆಯ ದಿನ ಇನ್ನೂ ಗೊತ್ತಾಗಿಲ್ಲ.